ತಂತಿಯ ಬೆಲೆಯೂ ಧ್ವನಿಯ ಸೊಗಸೂ

ಗುಂಡ್ಲುಪೇಟೆಯ ಸಮೀಪದಲ್ಲಿ ನನ್ನ ಸೋದರಮಾವನವರು ಅರಿಸಿನ ಬೆಳೆಯುತ್ತಾರೆ. ಅವರಿಗೆ ಸಂಗೀತದಲ್ಲಿ ಅಪಾರವಾದ ಪ್ರೀತಿ. ಅವರ ಆಂಪ್ಲಿಫಯರು ಒಳಕೋಣೆಯಲ್ಲಿದೆ. ಎರಡು ಸ್ಪೀಕರುಗಳು ನಡುಮನೆಯಲ್ಲಿವೆ. ಒಂದೊಂದು ಸ್ಪೀಕರಿಗೂ 12 ಮೀಟರು ದೂರ ತಂತಿಯನ್ನು ಎಳೆಯಲಾಗಿದೆ. ಈಚೆಗೆ ವ್ಯಾಪಾರಿಯೊಬ್ಬರು ಈ ತಂತಿಯನ್ನು ಹಳಿದು, 40,000 ರೂಪಾಯಿ ಬೆಲೆಯ ಕೇಬಲುಗಳನ್ನು ಹದಿನೈದು ದಿನಗಳ ಪರೀಕ್ಷೆಗೆಂದು ಕೊಟ್ಟುಹೋದರು. ಮಾವನವರು ಚಾಮರಾಜನಗರಕ್ಕೆ ಬಂದು ನನ್ನನ್ನು ಕೇಳಿದರು: “ನೀನು ಭೌತವಿಜ್ಞಾನದ ಮೇಷ್ಟ್ರು, ಹೇಳಪ್ಪ. ಇದನ್ನು ಕೊಂಡರೆ ಬಾವಿಯ ಪಂಪಿನ ರಿಪೇರಿ ಈ ವರ್ಷ ನಿಂತಹಾಗೆಯೇ. ಆದರೆ ಹಾಡು ನಿಜವಾಗಿಯೂ ಸ್ಪಷ್ಟವಾಗಿದೆ.”

“ತಾಮ್ರವೆಂದರೆ ತಾಮ್ರ, ಅದರಲ್ಲಿ ಭೇದವೇನು?” ಎಂಬ ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು. ಲೆಕ್ಕ ಮಾಡದೆ ಹಾಗೆ ಹೇಳಿದ್ದರೆ ತಪ್ಪು ನನ್ನದಾಗುತ್ತಿತ್ತು.

ಯಾವ ತಂತಿಯೂ ತನ್ನಲ್ಲಿ ಹರಿಯುವ ವಿದ್ಯುತ್ತನ್ನು ಸ್ವಲ್ಪಮಟ್ಟಿಗೆ ತಡೆಯುತ್ತದೆ. ಇದಕ್ಕೆ ರೋಧವೆಂದು ಹೆಸರು. ತಂತಿಯು ಉದ್ದವಾದಷ್ಟೂ ರೋಧವು ಹೆಚ್ಚುತ್ತದೆ, ದಪ್ಪವಾದಷ್ಟೂ ಕುಗ್ಗುತ್ತದೆ. ನಮ್ಮ ಜಿಲ್ಲೆಯ ಗಡಿಯಲ್ಲಿರುವ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ 1902ರಲ್ಲಿ ಸುಮಾರು 147 ಕಿಲೊಮೀಟರು ದೂರ ವಿದ್ಯುತ್ತನ್ನು ಕಳುಹಿಸಿದ ಎಂಜಿನಿಯರುಗಳ ಮುಂದೆ ಇದ್ದುದೂ ಈ ರೋಧದ ಸಮಸ್ಯೆಯೇ. ವೋಲ್ಟೇಜನ್ನು ಬಹಳ ಏರಿಸಿ, ಪ್ರವಾಹವನ್ನು ತಗ್ಗಿಸಿ, ಅವರು ನಷ್ಟವನ್ನು ಮಿತಿಯಲ್ಲಿರಿಸಿದರು. ಮನೆಯ ಸ್ಪೀಕರಿಗೆ ಆ ಉಪಾಯ ಸಲ್ಲದು. ನಮಗೆ ಉಳಿದಿರುವುದು ತಂತಿಯನ್ನು ದಪ್ಪವಾಗಿಸುವುದೊಂದೇ ಮಾರ್ಗ.

ಈಗ ಮಾವನವರ ಮನೆಯ ಲೆಕ್ಕವನ್ನು ನೋಡೋಣ. ವಿದ್ಯುತ್ತು ಹೋಗಿ ಹಿಂತಿರುಗಬೇಕಾದುದರಿಂದ 12 ಮೀಟರು ದೂರಕ್ಕೆ 24 ಮೀಟರು ತಂತಿ ಬೇಕು. ಅವರ ಹಳೆಯ ತಂತಿಯ ಅಡ್ಡಕೊಯ್ತದ ವಿಸ್ತೀರ್ಣ 0.5 ಚದರ ಮಿಲಿಮೀಟರು. ಅಂಥ ತಾಮ್ರದ ತಂತಿಯ 24 ಮೀಟರಿಗೆ ರೋಧವು ಸುಮಾರು 0.83 ಓಮ್ ಆಗುತ್ತದೆ. ಸ್ಪೀಕರಿನ ಮೇಲೆ 8 ಓಮ್ ಎಂದು ಬರೆದಿದ್ದರೂ ಅದರ ತಡೆಯು ಎಲ್ಲ ಸ್ವರಗಳಿಗೂ ಒಂದೇ ಅಲ್ಲ. ಕೆಲವು ಸ್ವರಗಳಿಗೆ 6 ಓಮಿಗೆ ಇಳಿದು, ಕೆಲವಕ್ಕೆ 30 ಓಮಿಗೆ ಏರುವುದುಂಟು. ತಂತಿಯಲ್ಲಿ ಆಗುವ ನಷ್ಟವು ಮೊದಲ ಬಗೆಯ ಸ್ವರಗಳಿಗೆ ಸುಮಾರು 1.1 ಡೆಸಿಬೆಲ್, ಎರಡನೆಯ ಬಗೆಯವಕ್ಕೆ 0.24 ಡೆಸಿಬೆಲ್. ಹೀಗೆ ಸ್ವರಗಳ ಪರಸ್ಪರ ಪ್ರಮಾಣವೇ ತುಸು ಕೆಡುತ್ತದೆ. ಸುಮಾರು 1 ಡೆಸಿಬೆಲ್ ವ್ಯತ್ಯಾಸವನ್ನು ಎಚ್ಚರದಿಂದ ಆಲಿಸುವ ಕಿವಿಯು ಗುರುತಿಸಬಲ್ಲುದು. ಅಷ್ಟೇ ಅಲ್ಲ, ತುಸು ಗಟ್ಟಿಯಾದ ಧ್ವನಿಯನ್ನು ನಾವು ಉತ್ತಮ ಧ್ವನಿಯೆಂದೇ ಭಾವಿಸುವುದುಂಟು. ಆದ್ದರಿಂದ ಮಾವನವರು ಕೇಳಿದ ಭೇದವು ಬರಿಯ ಭ್ರಮೆಯೆಂದು ತಳ್ಳಿಹಾಕುವಂತಿರಲಿಲ್ಲ.

ಆದರೆ ಆ ಭೇದಕ್ಕೆ ಕಾರಣ ಕೇಬಲಿನ ಬೆಲೆಯೋ ದಪ್ಪವೋ? ಮನೆಯ ವೈರಿಂಗಿಗೆ ಬಳಸುವ 2.5 ಚದರ ಮಿಲಿಮೀಟರಿನ ತಾಮ್ರದ ತಂತಿಯನ್ನೇ ತೆಗೆದುಕೊಳ್ಳಿ. 24 ಮೀಟರಿಗೆ ಅದರ ರೋಧ ಸುಮಾರು 0.17 ಓಮ್ ಮಾತ್ರ. ಸ್ವರಸ್ವರಗಳ ನಡುವಣ ಭೇದವು 0.2 ಡೆಸಿಬೆಲಿಗೆ ಇಳಿದುಬಿಡುತ್ತದೆ. ಬೆಳ್ಳಿಯ ತಂತಿಯಾದರೆ ಇನ್ನೂ ಮೇಲಲ್ಲವೇ ಎಂದು ವಾಚಕರು ಕೇಳಬಹುದು. ಬೆಳ್ಳಿಯ ರೋಧ ತಾಮ್ರದ ರೋಧಕ್ಕಿಂತ ನೂರಕ್ಕೆ ಐದಾರು ಪಾಲು ಕಡಿಮೆ, ಅಷ್ಟೇ. ತಾಮ್ರದ ತಂತಿಯನ್ನು ಅಷ್ಟೇ ದಪ್ಪಗೊಳಿಸಿದರೆ ಲೆಕ್ಕ ಸರಿಹೋಗುತ್ತದೆ. ಚಿನ್ನವಂತೂ ತಾಮ್ರಕ್ಕಿಂತ ಕೆಳಮಟ್ಟದ ವಾಹಕ. ಅದು ಕಿಲುಬು ಹಿಡಿಯದೆಂಬ ಕಾರಣದಿಂದ ಪ್ಲಗ್ಗುಗಳ ಮೇಲೆ ಲೇಪಿಸುತ್ತಾರೆ.

ತಂತಿಯಲ್ಲಿ ಹರಿಯುವಾಗ ಸ್ವರಗಳು ಹಿಂದುಮುಂದಾಗುತ್ತವೆಂದೂ ವ್ಯಾಪಾರಿಯು ಹೇಳಿದ್ದರಂತೆ. ನಮ್ಮ ಕಿವಿಗೆ ಕೇಳಿಸುವ ಅತ್ಯುಚ್ಚ ಧ್ವನಿಯಲ್ಲಿ ಸೆಕೆಂಡಿಗೆ ಸುಮಾರು 20,000 ಕಂಪನಗಳಿರುತ್ತವೆ. ಕೇಬಲಿನಲ್ಲಿ ವಿದ್ಯುತ್ ಸಂಕೇತದ ವೇಗವು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೊಮೀಟರು ಎಂದಿಟ್ಟುಕೊಂಡರೆ ಒಂದು ಅಲೆಯ ಉದ್ದ 10 ಕಿಲೊಮೀಟರು. ಚಾಮರಾಜನಗರದಿಂದ ತೆರಕಣಾಂಬಿಯ ಮೇಲೆ ಗುಂಡ್ಲುಪೇಟೆಯವರೆಗೆ ತಂತಿ ಎಳೆದರೆ ಅದರಲ್ಲಿ ಅಂಥ ಮೂರು ಅಲೆಗಳಾದರೂ ಹಿಡಿಸುತ್ತವೆ. ಅಷ್ಟು ದೂರದ ಟೆಲಿಫೋನ್ ತಂತಿಗಳನ್ನು ಹಾಕಿದವರು ಈ ವಿಷಯವನ್ನು ಗಂಭೀರವಾಗಿ ಚಿಂತಿಸಲೇಬೇಕಾಗಿತ್ತು. ನಡುಮನೆಯ 12 ಮೀಟರಾದರೋ ಒಂದು ಅಲೆಯ ಸಾವಿರದ ಒಂದು ಪಾಲಿಗಿಂತ ತುಸು ಹೆಚ್ಚು, ಅಷ್ಟೇ!

ಲೆಕ್ಕವು ಏನೇ ಹೇಳಲಿ, ಕೊನೆಯ ತೀರ್ಪು ಪ್ರಯೋಗದ್ದು. ಭಾನುವಾರ ಗುಂಡ್ಲುಪೇಟೆಗೆ ಹೋಗುವಾಗ 2.5 ಚದರ ಮಿಲಿಮೀಟರಿನ ತಂತಿಯ ಸುರುಳಿಯೊಂದನ್ನು ಕೊಂಡೊಯ್ದೆ. ಪಿ.ಯು.ಸಿ. ಓದುತ್ತಿರುವ ಮಾವನ ಮಗಳು ಒಳಕೋಣೆಯಲ್ಲಿ ಕುಳಿತು ನಾಣ್ಯವನ್ನು ಚಿಮ್ಮಿ, ತಲೆ ಬಿದ್ದರೆ ದುಬಾರಿ ಕೇಬಲನ್ನೂ ಇಲ್ಲವಾದರೆ ನನ್ನ ತಂತಿಯನ್ನೂ ಜೋಡಿಸಿ ಬರೆದಿಡಬೇಕು. ಪ್ರತಿಸಲವೂ ಮೊದಲು ಆಂಪ್ಲಿಫಯರನ್ನು ಆರಿಸಬೇಕು. ಮಾವನವರೂ ನಾನೂ ನಡುಮನೆಯಲ್ಲಿ ಕುಳಿತೆವು. ಯಾವುದು ಹಾಡುತ್ತಿದೆಯೆಂಬುದು ನನಗೂ ತಿಳಿಯದು; ತಿಳಿದಿದ್ದರೆ ನನ್ನ ಮುಖಭಾವವೇ ಉತ್ತರವನ್ನು ಬಿಟ್ಟುಕೊಡಬಹುದಷ್ಟೆ.

ಹದಿನಾರು ಸಲ ಕೇಳಿಸಿದೆವು. ಮಾವನವರ ಉತ್ತರ ಒಂಬತ್ತು ಸಲ ಸರಿಯಾಯಿತು. ಕಣ್ಣುಮುಚ್ಚಿ ಊಹಿಸಿದವನಿಗೂ ಸರಾಸರಿ ಎಂಟು ಸರಿಯಾಗುತ್ತವೆ. ಹನ್ನೆರಡು ಅಥವಾ ಹೆಚ್ಚು ಸರಿಯಾಗಿದ್ದರೆ ಅದನ್ನು ಅದೃಷ್ಟವೆನ್ನಲು ನಾವು ಹಿಂಜರಿಯಬೇಕಾಗಿತ್ತು. ಬರಿಯ ಊಹೆಯಿಂದ ಹಾಗಾಗುವ ಸಂಭವ ನೂರಕ್ಕೆ ನಾಲ್ಕರಷ್ಟು ಮಾತ್ರ. ಒಂದು ದಿನದ ಪ್ರಯೋಗದಿಂದ ಭೇದವು ಇಲ್ಲವೇ ಇಲ್ಲವೆಂದು ಸಾಧಿಸಿದಂತಾಗದು. ಆದರೆ ಲೆಕ್ಕವೂ ಕಿವಿಯೂ ಒಂದೇ ಮಾತನ್ನು ಹೇಳಿದಾಗ 40,000 ರೂಪಾಯಿಗಳನ್ನು ಕೈಬಿಡಲು ಕಾರಣವೇನಿದೆ?

ಮಾವನವರು ಸ್ವಲ್ಪ ಹೊತ್ತು ಸುಮ್ಮನಿದ್ದರು. “ಹಾಗಾದರೆ ನನ್ನ ಕಿವಿ ಸುಳ್ಳು ಹೇಳಿತೇನೋ?” ಎಂದರು.

“ಇಲ್ಲ ಮಾವ, ಕಿವಿ ನಿಜವನ್ನೇ ಹೇಳಿತು. ಕಾರಣವನ್ನು ಮಾತ್ರ ವ್ಯಾಪಾರಿ ಹೇಳಿದರು” ಎಂದೆ. ಹಳೆಯ ತೆಳು ತಂತಿಯನ್ನು ಮತ್ತೆ ಜೋಡಿಸಿ ಕೇಳಿಸಿದಾಗ ಅವರ ಮುಖ ಅರಳಿತು. ಧ್ವನಿಯು ಕುಗ್ಗಿದುದು ನನಗೂ ಕೇಳಿಸಿತು.

ವಿದ್ಯಾರ್ಥಿಮಿತ್ರರು ತಮ್ಮ ಮನೆಗಳಲ್ಲಿ ಈ ಪರೀಕ್ಷೆಯನ್ನು ಮಾಡಿ ನೋಡಬಹುದು. ಹೋಗಿಬರುವ ತಂತಿಯ ಒಟ್ಟು ರೋಧವು ಸ್ಪೀಕರಿನ ಓಮಿನ ಇಪ್ಪತ್ತರಲ್ಲಿ ಒಂದು ಪಾಲನ್ನು ಮೀರದಿದ್ದರೆ ಸಾಕು. ದೂರ ಹೆಚ್ಚಿದರೆ ತಂತಿಯನ್ನು ದಪ್ಪವಾಗಿಸಿರಿ, ಜೋಡಣೆಗಳನ್ನು ಬಿಗಿಯಾಗಿರಿಸಿರಿ. ಕೇಬಲು ವ್ಯಾಪಾರಿಗೆ ಹಿಂದಿರುಗಿತು. ಬಾವಿಯ ಪಂಪು ಈಗ ಚೆನ್ನಾಗಿ ನಡೆಯುತ್ತಿದೆ.