ಲ್ಯಾನ್ಸ್‌ಡೌನ್ ಕಟ್ಟಡವೂ ನಮ್ಮ ಅವ್ವನೂ

ಮೈಸೂರಿನ ಚಿಕ್ಕ ಗಡಿಯಾರದ ಬಳಿಯ ಲ್ಯಾನ್ಸ್‌ಡೌನ್ ಕಟ್ಟಡವನ್ನು ವಾಚಕರಲ್ಲಿ ಅನೇಕರು ಬಲ್ಲರು. ವೈಸ್‌ರಾಯ್ ಲ್ಯಾನ್ಸ್‌ಡೌನ್ ಪ್ರಭುಗಳು ಮೈಸೂರಿಗೆ ಬಂದುದರ ನೆನಪಿಗಾಗಿ 1892ರಲ್ಲಿ ಎದ್ದ ಆ ಅಂಗಡಿಸಾಲಿನಲ್ಲಿಯೇ ನಮ್ಮ ಯೌವನದ ಸಂಜೆಗಳೆಲ್ಲ ಕಳೆದುವು.

ನಾವು ನಂಜನಗೂಡು ತಾಲ್ಲೂಕಿನ ದೇವನೂರಿನವರು. 1972ರಲ್ಲಿ ಓದಿನ ನೆವದಿಂದ ಮೈಸೂರನ್ನು ಸೇರಿ, ದೇವರಾಜ ಮಾರುಕಟ್ಟೆಗೆ ಸಮೀಪದ ವಠಾರವೊಂದರಲ್ಲಿ ಇಬ್ಬರು ಗೆಳೆಯರೊಡನೆ ಕೋಣೆ ಹಿಡಿದೆವು. ತರಗತಿಗೆ ಹೋದುದು ಕಡಮೆ. ಲ್ಯಾನ್ಸ್‌ಡೌನಿನ ಹಳೆಯ ಪುಸ್ತಕದ ಅಂಗಡಿಗಳಲ್ಲಿ ನಿಂತು ಓದಿದುದೇ ಹೆಚ್ಚು. ಹೆಗಲಿಗಿಳಿದ ಕೂದಲು, ತುಟಿಯಲ್ಲಿ ಬೀಡಿ, ಬರಿದಾದ ಜೇಬು. ಆದರೂ ಒಂದು ಲೋಟ ಕಾಫಿಯನ್ನು ಇಬ್ಬರು ಹಂಚಿಕೊಂಡು ಲೋಕವನ್ನೇ ತಿದ್ದುವ ಹುರುಪು! ಕನ್ನಡ ಸಾಹಿತ್ಯದಲ್ಲಿ ಬೂಸಾ ಹೆಚ್ಚೆಂದು ಸಚಿವ ಬಿ. ಬಸವಲಿಂಗಪ್ಪನವರು 1973ರಲ್ಲಿ ಆಡಿದ ಮಾತಿನಿಂದ ಊರೆಲ್ಲ ಕದಡಿದಾಗ ನಮ್ಮ ವಾದಗಳಿಗೆ ಕೊನೆಯೇ ಇರಲಿಲ್ಲ. ಅದೇ ವರ್ಷ ದೇವನೂರ ಮಹಾದೇವರ ‘ದ್ಯಾವನೂರು’ ಕಥಾಸಂಕಲನವು ಹೊರಬಂದು, ನಮ್ಮ ಊರಿನ ಹೆಸರು ಪುಸ್ತಕದ ಹೊದಿಕೆಯನ್ನೇರಿತು.

ಒಂದು ಸಂಜೆ ಆ ಪುಸ್ತಕವನ್ನು ಹಿಡಿದು, ಹಳ್ಳಿಯ ಬಡವರ ಬಾಳನ್ನು ಕುರಿತು ರಾತ್ರಿ ಹತ್ತರವರೆಗೂ ವಾದಿಸಿ ಕೋಣೆಗೆ ಮರಳಿದೆವು. ಬೀಗ ಹಾಕಿದ ಬಾಗಿಲ ಮುಂದೆ ನಮ್ಮ ಅವ್ವ ಕುಳಿತಿದ್ದಳು! ರಾಗಿಹಿಟ್ಟಿನ ಗಂಟನ್ನು ಹೊತ್ತು, ನಂಜನಗೂಡಿನಲ್ಲಿ ರೈಲು ಹತ್ತಿ, ಮಧ್ಯಾಹ್ನವೇ ಬಂದಿದ್ದಳಂತೆ. ಅವಳು ಬೈಯಲಿಲ್ಲ.

“ಉಂಡ್ಯಾ, ಮಗ?” ಎಂದಷ್ಟೇ ಕೇಳಿದಳು.

ನಾವು ಗೆಳೆಯರ ಎದುರಿಗೆ ಅವಳ ಮಾಸಿದ ಸೀರೆಗೆ ನಾಚಿ, ಅವಳು ಉಂಡಳೇ ಎಂದು ಕೇಳುವುದನ್ನೇ ಮರೆತೆವು. ಮುಂಜಾನೆಯ ಗಾಡಿಗೆ ಅವಳು ಹೊರಟುಹೋದಳು. ಆ ಕೋಣೆಯ ಬಾಡಿಗೆಗಾಗಿ ಅವಳ ಬೆಳ್ಳಿಯ ಕಡಗ ಮಾರಿಹೋಗಿತ್ತೆಂಬುದು ನಮಗೆ ತಿಳಿದುದು ಅವಳು ತೀರಿಕೊಂಡ ಮೇಲೆ.

2012ರ ಆಗಸ್ಟಿನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಅಸುನೀಗಿದರು. 2016ರಲ್ಲಿ ಮಾರುಕಟ್ಟೆಯ ಉತ್ತರ ಭಾಗವೂ ಬಿದ್ದಿತು. ಕೆಡಹಬೇಕೊ, ಉಳಿಸಬೇಕೊ ಎಂಬ ವಾದ ವರ್ಷಗಟ್ಟಲೆ ನಡೆಯಿತು. ಹಳೆಯ ಗೆಳೆಯರು ಕಲೆತಾಗ, ನಮ್ಮ ಮೈಸೂರು ಹೋಯಿತೆಂದು ನಿಟ್ಟುಸಿರಿಡುವುದುಂಟು, ನಾವೂ ಇಡುತ್ತೇವೆ. ಆದರೆ ನಮ್ಮ ಅಂದಿನ ಸ್ವಾತಂತ್ರ್ಯವು ನಿಂತಿದ್ದುದು ಆ ಕಟ್ಟಡದ ಕಂಬಗಳ ಮೇಲಲ್ಲ, ಒಂದು ಜೊತೆ ಕಡಗಗಳ ಮೇಲೆ.

ತಾಯ್ತಂದೆಗಳೇ, ಹೊತ್ತು ಮೀರಿ ಬರುವ ಮಕ್ಕಳ ಮೇಲೆ ಕೆರಳಬೇಡಿರಿ. ಆದರೆ ಅವರ ಖರ್ಚಿನ ಹಣವು ಎಲ್ಲಿಂದ ಬಂದಿತೆಂಬುದನ್ನು ಮುಚ್ಚಿಡಲೂ ಬೇಡಿರಿ. ಮಕ್ಕಳೇ, ನೀವು ಲೋಕವನ್ನು ಧಾರಾಳವಾಗಿ ತಿದ್ದಿರಿ. ಮನೆಗೆ ಬಂದೊಡನೆ ಮಾತ್ರ, ಅವ್ವ ಉಂಡಳೇ ಎಂದು ಕೇಳಿರಿ. ಆ ಪ್ರಶ್ನೆಗೆ ಉತ್ತರ ಕೊಡುವವರು ನಮ್ಮ ಮನೆಯಲ್ಲಿ ಈಗ ಯಾರೂ ಇಲ್ಲ.