ಸಾಹುಕಾರರ ಪಾದ್ರಿ ಪಾರುಪತ್ಯಗಾರ

ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಎವರೆಟ್ ಎಂಬ ಬಂದರು ಪಟ್ಟಣವಿದೆ. ಅಲ್ಲಿ ಹಾಯ್ಟ್, ಕೋಲ್ಬಿ, ರಾಕ್‌ಫೆಲರ್ ಎಂಬ ರಸ್ತೆಗಳು ಇಂದಿಗೂ ಹತ್ತಿರ ಹತ್ತಿರದಲ್ಲೇ ಇವೆ. ಈ ಹೆಸರುಗಳ ಮೂವರೂ ನ್ಯೂಯಾರ್ಕಿನ ಒಂದೇ ಬ್ಯಾಪ್ಟಿಸ್ಟ್ ಚರ್ಚಿಗೆ ಹೋಗುತ್ತಿದ್ದವರು. ಊರಿಗೆ ಇಟ್ಟದ್ದು ಕೋಲ್ಬಿಯ ಮಗನ ಹೆಸರು; ಸುರಿದದ್ದು ರಾಕ್‌ಫೆಲರ್ ಹಣ.

ಸಿರಿವಂತ ಮನೆತನಗಳು ತಮ್ಮ ಹಣ ನೋಡಿಕೊಳ್ಳಲು ಸ್ವಂತ ಕಚೇರಿ ಇಟ್ಟುಕೊಳ್ಳುವುದು ಈಗ ಬೆಂಗಳೂರಿಗೂ ಹೊಸದಲ್ಲ. ಅಜೀಂ ಪ್ರೇಮ್‌ಜಿ ಅವರ ಪ್ರೇಮ್‌ಜಿ ಇನ್ವೆಸ್ಟ್ ಇದೆ, ನಾರಾಯಣ ಮೂರ್ತಿಯವರ ಕ್ಯಾಟಮರಾನ್ ಇದೆ. ಈ ‘ಫ್ಯಾಮಿಲಿ ಆಫೀಸ್’ನ ವಂಶಾವಳಿ ಬರೆಯುವವರಲ್ಲಿ ಹಲವರು ಜಾನ್ ಡಿ. ರಾಕ್‌ಫೆಲರ್‌ನಿಂದಲೇ ಶುರು ಮಾಡುತ್ತಾರೆ. ಆದರೆ ಅದು ಹುಟ್ಟಿದ್ದು ಸಾಹುಕಾರನ ಜಾಣತನದಿಂದಲ್ಲ, ಅವನ ಪೆದ್ದುತನದಿಂದ ಎಂಬುದನ್ನು ಹೆಚ್ಚಿನವರು ಹಾರಿಸಿಬಿಡುತ್ತಾರೆ.

1890ರ ಸುಮಾರಿಗೆ ಸ್ಟ್ಯಾಂಡರ್ಡ್ ಆಯಿಲ್‌ನ ಲಾಭಾಂಶ ಎಲ್ಲಿ ಇಡುವುದೆಂದು ತಿಳಿಯದಷ್ಟು ಬರುತ್ತಿತ್ತು. ಎಣ್ಣೆಯ ವ್ಯಾಪಾರದಲ್ಲಿ ಬಿಡಿಗಾಸಿನ ಲೆಕ್ಕ ಕೇಳುತ್ತಿದ್ದ ಮನುಷ್ಯ, ಚರ್ಚಿನ ಸ್ನೇಹಿತರು ತೋರಿಸಿದಲ್ಲೆಲ್ಲ ಹಣ ಹಾಕಿದ. ‘ನಮ್ಮ ಸಮಾಜದವರೇ, ಮಠಕ್ಕೆ ಬರುವವರೇ’ ಎಂದು ನಂಬಿ ಸೊಸೈಟಿಯಲ್ಲಿ ಠೇವಣಿ ಇಡುವ ನಮ್ಮವರಿಗೂ ಅವನಿಗೂ ಇದರಲ್ಲಿ ವ್ಯತ್ಯಾಸವೇನೂ ಇರಲಿಲ್ಲ. ರೈಲು ಮಾರ್ಗದ ಕೊನೆ ಎವರೆಟ್‌ನಲ್ಲೇ ಎಂಬ ನಿರೀಕ್ಷೆಯ ಮೇಲೆ ಅಲ್ಲಿ ಮೊಳೆ ಕಾರ್ಖಾನೆ, ಕಾಗದದ ಗಿರಣಿ, ಹಡಗುಕಟ್ಟೆ ಎದ್ದವು. ಹಿಂದಿನ ಬೆಟ್ಟಗಳ ಮಾಂಟೆ ಕ್ರಿಸ್ಟೊ ಗಣಿಗಳಿಗೆ ಪ್ರತ್ಯೇಕ ರೈಲು ಹಾಕಿದರು. ಮುಖ್ಯ ರೈಲು ಸಿಯಾಟಲ್‌ಗೆ ಹೋಯಿತು. ಗಣಿಯ ರೈಲನ್ನು ಮುಂದೆ ಪ್ರವಾಹ ಕಿತ್ತುಹಾಕಿತು.

ಇಲ್ಲಿಗೆ ಬರುತ್ತಾನೆ ಫ್ರೆಡರಿಕ್ ಗೇಟ್ಸ್. ಪಾದ್ರಿ, 1889ರಲ್ಲಿ ಶಿಕಾಗೊ ವಿಶ್ವವಿದ್ಯಾಲಯಕ್ಕೆಂದು ರಾಕ್‌ಫೆಲರ್‌ನಿಂದ 6 ಲಕ್ಷ ಡಾಲರ್ ಮಾತು ಪಡೆದವರಲ್ಲಿ ಒಬ್ಬ. 1891ರಲ್ಲಿ ಅವನನ್ನು ನ್ಯೂಯಾರ್ಕಿಗೆ ಕರೆಸಿಕೊಂಡದ್ದು ದಾನ ಬೇಡುವವರ ಅರ್ಜಿಗಳನ್ನು ಸೋಸಲು. ಊರೂರು ಸುತ್ತುವ ಆಸಾಮಿ, ಹೋದ ಕಡೆ ನನ್ನ ಕಾರ್ಖಾನೆಯನ್ನೂ ನೋಡಿಕೊಂಡು ಬಾ ಎಂದು ಸಾಹುಕಾರ ಹೇಳಿದ. ಅಲಬಾಮದ ಕಬ್ಬಿಣದ ಕುಲುಮೆಯಿಂದ ಶುರುವಾಯಿತು ಈ ತಪಾಸಣೆ. ಹೋದಲ್ಲೆಲ್ಲ ಪಾದ್ರಿ ಲೆಕ್ಕಪುಸ್ತಕ ಬಿಚ್ಚಿಸಿದ, ಸ್ಥಳೀಯರನ್ನು ವಿಚಾರಿಸಿದ. ವರದಿ ಮುಲಾಜಿಲ್ಲದ್ದು: ಇದು ಮುಳುಗುತ್ತಿದೆ, ಅದು ಆಗಲೇ ಮುಳುಗಿದೆ. 1893ರ ಆರ್ಥಿಕ ಕುಸಿತ ಅವನ ಮಾತಿಗೆ ಮೊಹರು ಒತ್ತಿತು. ಸ್ಟ್ಯಾಂಡರ್ಡ್ ಆಯಿಲ್‌ನ ಕಟ್ಟಡ 26 ಬ್ರಾಡ್‌ವೇನಲ್ಲಿ ಅವನಿಗೊಂದು ಮೇಜು ಸಿಕ್ಕಿತು, ರೋಗಗ್ರಸ್ತ ಕಂಪನಿಗಳ ಅಧ್ಯಕ್ಷಗಿರಿಗಳು ಒಂದೊಂದಾಗಿ ಹೆಗಲೇರಿದವು. ಒಳ್ಳೆಯದರಲ್ಲಿ ಪೂರ್ತಿ ಹಿಡಿತ ಸಾಧಿಸು, ಕೆಟ್ಟದ್ದರಿಂದ ಹೊರಬಾ: ಅಂದಿನ ರಿಸ್ಕ್ ಮ್ಯಾನೇಜ್‌ಮೆಂಟ್ ಎಂದರೆ ಇಷ್ಟೇ.

ಹೀಗೆ ಹುಟ್ಟಿದ ಈ ಕಚೇರಿಗೆ ಇನ್ನೊಂದು ಮುಖವಿದೆ. ಮಿನೆಸೋಟದ ಮೆಸಾಬಿ ಬೆಟ್ಟಸಾಲಿನಲ್ಲಿ 1890ರಲ್ಲಿ ಮೆರಿಟ್ ಸಹೋದರರು ಅದಿರು ಕಂಡುಹಿಡಿದಿದ್ದರು. ಕೆಮ್ಮಣ್ಣಿನಂಥ ಪುಡಿ ಅದಿರು. ಕುಲುಮೆ ಕಟ್ಟಿಕೊಳ್ಳುತ್ತದೆ ಎಂದು ಬಲ್ಲವರು ಮೂಗು ಮುರಿದಿದ್ದರು. ಅಣ್ಣತಮ್ಮಂದಿರು ಹಟ ಹಿಡಿದು ಬಂದರಿನ ತನಕ ರೈಲು ಹಾಕಿಸಿದರು, ಸಾಲದಲ್ಲಿ. ಕುಸಿತ ಬಂತು. ಕೈಹಿಡಿದವನು ರಾಕ್‌ಫೆಲರ್, ವ್ಯವಹಾರ ನಡೆಸಿದವನು ಗೇಟ್ಸ್. 1894ರಲ್ಲಿ ಅವರಲ್ಲೊಬ್ಬ ಲಿಯೊನಿಡಸ್ ಮೆರಿಟ್ ಷೇರುಗಳನ್ನು 10 ಡಾಲರ್‌ನಂತೆ ಮಾರಬೇಕಾಯಿತು. ಒಂದಷ್ಟನ್ನು ವರ್ಷದೊಳಗೆ ಮರಳಿ ಕೊಳ್ಳುವ ಹಕ್ಕಿತ್ತು; ಹಣ ಎಲ್ಲಿಂದ ತರುವುದು? ಮೋಸವಾಯಿತೆಂದು ಕೋರ್ಟಿಗೆ ಹೋದರು. ಜ್ಯೂರಿ 9 ಲಕ್ಷ 40 ಸಾವಿರ ಡಾಲರ್ ಕೊಡಿಸಿತು, ಮೇಲಿನ ಕೋರ್ಟು ಅದನ್ನು ಅಳಿಸಿತು. ಕೊನೆಗೆ 1897ರಲ್ಲಿ 5 ಲಕ್ಷ 25 ಸಾವಿರಕ್ಕೆ ರಾಜಿ, ಜೊತೆಗೆ ‘ಮೋಸ ನಡೆದಿಲ್ಲ’ ಎಂಬ ಹೇಳಿಕೆಗೆ ಸಹಿ.

1901ರಲ್ಲಿ ಅದೇ ಗಣಿಗಳನ್ನು ಜೆ.ಪಿ. ಮೋರ್ಗನ್‌ನ ಯು.ಎಸ್. ಸ್ಟೀಲ್ ಸುಮಾರು 8 ಕೋಟಿ ಡಾಲರ್ ಮೌಲ್ಯದ ಷೇರು ಕೊಟ್ಟು ಕೊಂಡಿತು. ಅದಿರು ಸಾಗಿಸುವ ಹಡಗುಗಳಿಗೆ ಬೇರೆಯೇ 85 ಲಕ್ಷ. ಅಮೆರಿಕದ ಸಂಸತ್ ಸಮಿತಿಯ ಮುಂದೆ 1911ರಲ್ಲಿ ಮುದುಕ ಲಿಯೊನಿಡಸ್ ತನ್ನ ಗೋಳು ಹೇಳಿಕೊಂಡಾಗ, ಗೇಟ್ಸ್ ಕಿರುಹೊತ್ತಗೆ ಅಚ್ಚು ಹಾಕಿಸಿ ಉತ್ತರ ಕೊಟ್ಟ. ಕಾಗದಪತ್ರದ ಲೆಕ್ಕದಲ್ಲಿ ಗೇಟ್ಸ್ ಹೇಳಿದ್ದು ಸುಳ್ಳಲ್ಲದಿರಬಹುದು. ಆದರೆ ಕಷ್ಟಕಾಲದಲ್ಲಿ ಕೈಯಲ್ಲಿ ನಗದು ಇದ್ದವನ ಜಾಗ್ರತೆಯ ಬೆಲೆಯನ್ನು ಇಲ್ಲದವನು ತೆತ್ತ ಎಂಬುದೂ ಸುಳ್ಳಲ್ಲ.

ಆಮೇಲಿನದು ಬಹುಮಟ್ಟಿಗೆ ವಕೀಲರ ಚರಿತ್ರೆ. 1934ರಲ್ಲಿ ರಾಕ್‌ಫೆಲರ್‌ನ ಮಗ ತನ್ನ ಮಕ್ಕಳ ಹೆಸರಿನಲ್ಲಿ ಟ್ರಸ್ಟ್‌ಗಳನ್ನು ಮಾಡಿದ. ಮೊಮ್ಮಗ ಲಾರೆನ್ಸ್ ವಿಮಾನ ಕಂಪನಿಗಳಲ್ಲಿ ಹಣ ಹೂಡಿದ. 1969ರಲ್ಲಿ ಶುರುವಾದ ಮನೆತನದ ಹೂಡಿಕೆ ಸಂಸ್ಥೆ ವೆನ್‌ರಾಕ್ ಮುಂದೆ ಇಂಟೆಲ್, ಆ್ಯಪಲ್‌ಗಳಿಗೆ ಬಂಡವಾಳ ಕೊಟ್ಟಿತು. ಇಂದಿನ ವೆಲ್ತ್ ಮ್ಯಾನೇಜರುಗಳು ಸಾಹುಕಾರರ ಮುಂದೆ ಬಿಚ್ಚುವ ಬಣ್ಣಬಣ್ಣದ ಚಾರ್ಟುಗಳನ್ನು ಕಂಡಾಗ ನನಗೆ ರೇಗುತ್ತದೆ. ಅವರಲ್ಲಿ ಕುಲುಮೆಯ ಬಳಿ ನಿಂತು ನೋಡಿದವರೆಷ್ಟು ಮಂದಿ? ಮಾರಿದ ಪ್ರತಿ ಯೋಜನೆಯ ಕಮಿಷನ್ ತಮಗೇ ಬರುವಾಗ, ‘ಇದು ಬೇಡ’ ಎನ್ನುವ ಬಾಯಿ ಎಲ್ಲಿಂದ ಬರಬೇಕು? ಗೇಟ್ಸ್ ಉಣ್ಣುತ್ತಿದ್ದದ್ದು ಸಾಹುಕಾರನ ಸಂಬಳ, ಸರಕು ಮಾರುವವನದಲ್ಲ.

ಅವನು ಗುರುತಿಸಿದ ಕಟ್ಟಕಡೆಯ ಅಪಾಯ ಆ ಹಣವೇ. ಬೆಳೆಯುತ್ತಿರುವುದಕ್ಕಿಂತ ವೇಗವಾಗಿ ಹಂಚದಿದ್ದರೆ ಇದು ನಿಮ್ಮನ್ನೂ ಮಕ್ಕಳನ್ನೂ ಹೊಸಕಿಹಾಕುತ್ತದೆ ಎಂದು ಒಡೆಯನನ್ನು ಎಚ್ಚರಿಸಿದ. 1913ರ ರಾಕ್‌ಫೆಲರ್ ಫೌಂಡೇಶನ್ನಿಗೆ ಮೂಲ ಆ ಒತ್ತಾಯ. ಅದೇ ಫೌಂಡೇಶನ್ 1952ರಲ್ಲಿ ಐಸಿಎಂಆರ್ ಜೊತೆಗೂಡಿ ಪುಣೆಯಲ್ಲಿ ವೈರಾಣು ಸಂಶೋಧನಾ ಕೇಂದ್ರ ತೆರೆಯಿತು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತು, ಜನರಿಗೂ ಜ್ವರ ಹಿಡಿದಾಗ, ಮಂಗನ ಕಾಯಿಲೆಯ ವೈರಾಣುವನ್ನು ಪತ್ತೆ ಹಚ್ಚಿದವರು ಆ ಕೇಂದ್ರದವರೇ.