ನಾಲ್ಕರಲ್ಲಿ ಮಾತ್ರ ತಿರುಗುವ ಎಸಿ ಫ್ಯಾನ್

ಕಾರಿನ ಎಸಿ ಫ್ಯಾನನ್ನು ಒಂದರಲ್ಲಿ ಇಟ್ಟರೆ ಗಾಳಿ ಇಲ್ಲ, ಎರಡರಲ್ಲಿ ಇಲ್ಲ, ಮೂರರಲ್ಲೂ ಇಲ್ಲ. ನಾಲ್ಕಕ್ಕೆ ತಿರುಗಿಸಿದ ಕೂಡಲೇ ಭರ್ರೆಂದು ಬೀಸುತ್ತದೆ. ನಾಬ್ ತಿರುಗಿಸಿ ವೇಗ ಬದಲಿಸುವ ಮ್ಯಾನುಯಲ್ ಎಸಿ ಕಾರುಗಳಲ್ಲಿ ಇದು ತೀರಾ ಮಾಮೂಲಿ ದೂರು. ರಿಪೇರಿಯೂ ದೊಡ್ಡದಲ್ಲ. ಆದರೂ ಇದಕ್ಕಾಗಿ ಗ್ಯಾಸ್ ತುಂಬಿಸಿಕೊಂಡವರಿದ್ದಾರೆ, ಚೆನ್ನಾಗಿದ್ದ ಮೋಟಾರ್ ಬದಲಿಸಿಕೊಂಡವರಿದ್ದಾರೆ, ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಿಸಿ ಆಮೇಲೆ ಅದರ ಕಿರಿಕಿರಿ ಸದ್ದು ಕೇಳುತ್ತ ಓಡಾಡುವವರೂ ಇದ್ದಾರೆ. ಗ್ಯಾಸಿಗೂ ಫ್ಯಾನಿನ ವೇಗಕ್ಕೂ ಯಾವ ಸಂಬಂಧವೂ ಇಲ್ಲ. ಗ್ಯಾಸ್ ಕಮ್ಮಿಯಾದರೆ ಬರುವ ಗಾಳಿ ತಣ್ಣಗಿರುವುದಿಲ್ಲ, ಅಷ್ಟೇ. ಗಾಳಿ ಬರುವುದೇ ನಿಂತರೆ ಅದು ಕರೆಂಟಿನ ವಿಷಯ.

ಎಸಿ ಗಾಳಿಯನ್ನು ತಳ್ಳುವುದು ಬ್ಲೋವರ್ ಎಂಬ 12 ವೋಲ್ಟಿನ ಡಿಸಿ ಮೋಟಾರ್. ಹೆಚ್ಚು ವೋಲ್ಟೇಜ್ ಕೊಟ್ಟರೆ ಜೋರಾಗಿ ತಿರುಗುತ್ತದೆ, ಕಡಿಮೆ ಕೊಟ್ಟರೆ ನಿಧಾನ. ವೋಲ್ಟೇಜ್ ಇಳಿಸುವ ಕೆಲಸಕ್ಕೆ ಬ್ಲೋವರ್ ರೆಸಿಸ್ಟರ್ ಎಂಬ ಸಣ್ಣ ಬಿಡಿಭಾಗವಿದೆ. ಗ್ಯಾರೇಜಿನಲ್ಲಿ ಇದನ್ನು ರೆಸಿಸ್ಟೆನ್ಸ್ ಎಂದೂ ಕರೆಯುತ್ತಾರೆ. ಅಂಗೈಗಿಂತ ಚಿಕ್ಕದಾದ ಪ್ಲಾಸ್ಟಿಕ್ ತಟ್ಟೆ, ಅದರ ಮೇಲೆ ಸ್ಪ್ರಿಂಗಿನಂತೆ ಸುತ್ತಿದ ಮೂರು ತಂತಿ ಕಾಯಿಲ್‌ಗಳು, ಪಕ್ಕದಲ್ಲೊಂದು ಥರ್ಮಲ್ ಫ್ಯೂಸ್, ಅಂದರೆ ಬಿಸಿ ಮಿತಿಮೀರಿದರೆ ಕರೆಂಟಿನ ದಾರಿ ಕಡಿಯುವ ಫ್ಯೂಸ್. ಕೆಲವು ಕಾರುಗಳಲ್ಲಿ ಕಾಯಿಲ್ ಬದಲು ಚಪ್ಪಟೆ ಸೆರಾಮಿಕ್ ಹಲಗೆ ಇರುತ್ತದೆ, ಕೆಲಸ ಅದೇ.

ಈ ಮೂರು ಕಾಯಿಲ್‌ಗಳು ಒಂದರ ಬೆನ್ನಿಗೊಂದು ಸರಣಿಯಲ್ಲಿವೆ. ಒಂದನೇ ಸ್ಪೀಡಿನಲ್ಲಿ ಕರೆಂಟ್ ಮೂರನ್ನೂ ದಾಟಿ ಮೋಟಾರಿಗೆ ಹೋಗಬೇಕು. ಎರಡರಲ್ಲಿ ಎರಡೇ ಕಾಯಿಲ್, ಮೂರರಲ್ಲಿ ಒಂದೇ. ನಾಲ್ಕರಲ್ಲಿ ಕಾಯಿಲ್‌ಗಳ ಹಂಗೇ ಇಲ್ಲ, ಬ್ಯಾಟರಿಯ ವೋಲ್ಟೇಜ್ ನೇರವಾಗಿ ಮೋಟಾರಿಗೆ ಸಿಗುತ್ತದೆ. ಇಷ್ಟು ಮನಸ್ಸಿನಲ್ಲಿದ್ದರೆ ಕೆಟ್ಟಿರುವುದು ಎಲ್ಲಿ ಎಂದು ಒಂದು ಸ್ಕ್ರೂವನ್ನೂ ಬಿಚ್ಚದೆ ಬಹುಮಟ್ಟಿಗೆ ಹೇಳಿಬಿಡಬಹುದು. ಯಾವ ಯಾವ ಸ್ಪೀಡ್ ಹೋಗಿದೆ ಎಂಬುದೇ ಗುರುತು.

ನಾಲ್ಕು ಉಳಿದು ಒಂದು, ಎರಡು, ಮೂರು ಹೋಗಿದ್ದರೆ ಆ ಮೂರಕ್ಕೂ ಬೇಕಾದ ದಾರಿ ತುಂಡಾಗಿದೆ ಎಂದರ್ಥ. ಸಾಮಾನ್ಯವಾಗಿ ಥರ್ಮಲ್ ಫ್ಯೂಸ್, ಇಲ್ಲವೇ ಮೋಟಾರಿಗೆ ಹತ್ತಿರದ ಕಾಯಿಲ್. ಒಂದನೇ ಸ್ಪೀಡ್ ಮಾತ್ರ ಹೋಗಿ ಉಳಿದವು ಚೆನ್ನಾಗಿದ್ದರೆ ಸರಣಿಯ ತುದಿಯ ಕಾಯಿಲ್. ಒಂದು ಮತ್ತು ಎರಡು ಜೊತೆಯಾಗಿ ಹೋಗಿದ್ದರೆ ನಡುವಿನದು. ಈ ಮೂರರಲ್ಲಿ ಯಾವುದಿದ್ದರೂ ಅನುಮಾನ ಮೊದಲು ಹೋಗಬೇಕಾದ್ದು ರೆಸಿಸ್ಟರ್ ಕಡೆಗೆ.

ಈಗ ಬೇರೆ ತರಹದ ದೂರು ನೋಡಿ. ಒಂದರಲ್ಲಿ ಗಾಳಿ ಬರುತ್ತದೆ, ಮೂರು ಮತ್ತು ನಾಲ್ಕರಲ್ಲೂ ಬರುತ್ತದೆ, ಎರಡರಲ್ಲಿ ಮಾತ್ರ ಇಲ್ಲ. ಎರಡಕ್ಕೆ ಬೇಕಾದ ಕಾಯಿಲ್‌ಗಳನ್ನು ದಾಟಿಕೊಂಡೇ ಒಂದನೆಯದರ ಕರೆಂಟ್ ಬರಬೇಕು. ಒಂದು ನಡೆಯುತ್ತಿದೆ ಎಂದರೆ ಕಾಯಿಲ್‌ಗಳು ಸರಿಯಾಗಿವೆ. ಇಲ್ಲಿ ರೆಸಿಸ್ಟರ್ ಬದಲಿಸಿದರೆ ಹಣ ದಂಡ. ನೋಡಬೇಕಾದ್ದು ನಾಬಿನ ಹಿಂದಿನ ಸ್ವಿಚ್‌ನ ಎರಡನೇ ಕಾಂಟ್ಯಾಕ್ಟ್, ಅಲ್ಲಿಂದ ರೆಸಿಸ್ಟರಿಗೆ ಬರುವ ಆ ಒಂದು ವೈರು, ಕಪ್ಲರಿನ ಆ ಒಂದು ಪಿನ್. ನಾಬನ್ನು ಸ್ವಲ್ಪ ಅತ್ತಿತ್ತ ಅಲ್ಲಾಡಿಸಿದಾಗ ಗಾಳಿ ಬಂದು ಹೋಗಿ ಮಾಡಿದರೆ ಸ್ವಿಚ್ ಸವೆದಿದೆ. ನಾಲ್ಕು ಮಾತ್ರ ಹೋಗಿ ಉಳಿದ ಮೂರು ಇದ್ದರೂ ರೆಸಿಸ್ಟರ್ ನಿರಪರಾಧಿ: ಸ್ವಿಚ್‌ನ ನಾಲ್ಕನೇ ಕಾಂಟ್ಯಾಕ್ಟ್ ಸುಟ್ಟಿರಬಹುದು, ಅಥವಾ ನಾಲ್ಕಕ್ಕೆಂದೇ ಬೇರೆ ರಿಲೇ ಕೊಟ್ಟಿರುವ ಕಾರುಗಳಲ್ಲಿ ಆ ರಿಲೇ ಕೈಕೊಟ್ಟಿರಬಹುದು. ನಾಲ್ಕೂ ಸತ್ತಿದ್ದರೆ ಮೊದಲು ಫ್ಯೂಸ್, ಆಮೇಲೆ ರಿಲೇ, ಅರ್ತ್ ವೈರು, ಕೊನೆಗೆ ಮೋಟಾರ್.

ತೀರ್ಮಾನಕ್ಕೆ ಬರುವ ಮುಂಚೆ ಇನ್ನೊಂದು ಪರೀಕ್ಷೆ ಇದೆ, ಇದನ್ನು ಬಿಡಲೇಬಾರದು. ಕಾರ್ಬನ್ ಬ್ರಷ್ ಸವೆದ ಅಥವಾ ಬೇರಿಂಗ್ ಒಣಗಿದ ಮೋಟಾರ್ ಕಡಿಮೆ ವೋಲ್ಟೇಜಿನಲ್ಲಿ ಹೊರಡುವುದೇ ಇಲ್ಲ. ನಾಲ್ಕರಲ್ಲಿ ಇಟ್ಟಾಗ ಮಾತ್ರ ಎದ್ದು ತಿರುಗುತ್ತದೆ. ಹೊರಗಿನಿಂದ ನೋಡುವವರಿಗೆ ರೆಸಿಸ್ಟರ್ ಹೋದಂತೆಯೇ ಕಾಣುತ್ತದೆ. ಎರಡನ್ನೂ ಬೇರ್ಪಡಿಸಲು ಹೀಗೆ ಮಾಡಿ: ಫ್ಯಾನನ್ನು ನಾಲ್ಕರಲ್ಲಿ ಪೂರ್ತಿ ವೇಗಕ್ಕೆ ಬರಲು ಬಿಡಿ, ಆಮೇಲೆ ಥಟ್ಟನೆ ಎರಡಕ್ಕೆ ಇಳಿಸಿ. ವೇಗ ತಗ್ಗಿಯೂ ಗಾಳಿ ಬರುತ್ತಲೇ ಇದ್ದರೆ ರೆಸಿಸ್ಟರಿನಲ್ಲಿ ಕರೆಂಟ್ ಹರಿಯುತ್ತಿದೆ, ಮೋಟಾರ್ ಹಿಡಿದುಕೊಳ್ಳುತ್ತಿದೆ. ಕೆಲವೇ ಕ್ಷಣದಲ್ಲಿ ಗಾಳಿ ಪೂರ್ತಿ ನಿಂತುಹೋದರೆ ದಾರಿ ತುಂಡಾಗಿರುವುದು ಬಹುತೇಕ ಖಚಿತ.

ಬಿಚ್ಚಿ ನೋಡುವ ಧೈರ್ಯ ಇರುವವರಿಗೆ ಮುಂದಿನ ಮಾತು. ನಮ್ಮ ಬಹುತೇಕ ಸಣ್ಣ ಕಾರುಗಳಲ್ಲಿ ಬ್ಲೋವರ್ ಇರುವುದು ಮುಂದಿನ ಎಡಸೀಟಿನ ಎದುರು, ಗ್ಲೋವ್ ಬಾಕ್ಸಿನ ಹಿಂದೆ. ಬಾಕ್ಸಿನ ಎರಡೂ ಬದಿಯನ್ನು ಒಳಕ್ಕೆ ಒತ್ತಿದರೆ ಅನೇಕ ಮಾದರಿಗಳಲ್ಲಿ ಅದು ಕೆಳಕ್ಕೆ ಇಳಿಯುತ್ತದೆ. ಕೀ ತೆಗೆದಿರಬೇಕು. ಆ ಜಾಗದ ಮೇಲ್ಭಾಗದಲ್ಲಿ ಏರ್‌ಬ್ಯಾಗ್ ಇರುವುದರಿಂದ ಹಳದಿ ಕಪ್ಲರ್, ಹಳದಿ ಕವಚದ ವೈರುಗಳ ತಂಟೆಗೆ ಹೋಗಬೇಡಿ. ಬ್ಲೋವರಿನ ಪಕ್ಕ ಗಾಳಿಯ ಕೊಳವೆಗೆ ಸಾಮಾನ್ಯವಾಗಿ ಎರಡು ಸ್ಕ್ರೂಗಳಿಂದ ಕೂರಿಸಿದ ತಟ್ಟೆ, ಅದಕ್ಕೆ ಚುಚ್ಚಿದ ಕಪ್ಲರ್ ಕಾಣುತ್ತದಲ್ಲ, ಅದೇ ರೆಸಿಸ್ಟರ್. ಫ್ಯಾನ್ ಈಗತಾನೇ ಓಡಿದ್ದರೆ ಸ್ವಲ್ಪ ಆರಲು ಬಿಡಿ, ಇಲ್ಲವಾದರೆ ಕೈ ಸುಡುತ್ತದೆ.

ಹೊರತೆಗೆದ ಮೇಲೆ ಮೊದಲು ಕಣ್ಣಿನಿಂದಲೇ ನೋಡಿ. ಕಾಯಿಲ್ ತುಂಡಾಗಿದ್ದರೆ ಸಾಮಾನ್ಯವಾಗಿ ಕಾಣುತ್ತದೆ, ತುಕ್ಕು ತಿಂದ ತುದಿ ಗಾಳಿಯಲ್ಲಿ ನಿಂತಿರುತ್ತದೆ. ಥರ್ಮಲ್ ಫ್ಯೂಸ್ ಹೋಗಿದ್ದರೆ ಹೊರಗೆ ಏನೂ ಗೊತ್ತಾಗದು, ಮಲ್ಟಿಮೀಟರ್ ಬೇಕು. ಮೀಟರನ್ನು ಓಮ್‌ಗೆ ಇಟ್ಟು ಮೊದಲು ಎರಡು ಕಡ್ಡಿಗಳನ್ನು ಪರಸ್ಪರ ಮುಟ್ಟಿಸಿ, ಬರುವ ಸಣ್ಣ ಅಳತೆಯನ್ನು ಬರೆದಿಟ್ಟುಕೊಳ್ಳಿ. ಅದು ಮೀಟರಿನ ವೈರಿನದು, ಮುಂದಿನ ಅಳತೆಯಲ್ಲಿ ಕಳೆಯಬೇಕು. ಈ ಕಾಯಿಲ್‌ಗಳ ರೆಸಿಸ್ಟೆನ್ಸ್ ಮೂರೂ ಸೇರಿ ಕೆಲವೇ ಓಮ್ ಆದ್ದರಿಂದ ಆ ಚೂರು ವ್ಯತ್ಯಾಸವೂ ಲೆಕ್ಕಕ್ಕೆ ಬರುತ್ತದೆ. ಸಾಮಾನ್ಯ ನಾಲ್ಕು ಪಿನ್ನಿನ ರೆಸಿಸ್ಟರಿನಲ್ಲಿ ಯಾವ ಎರಡು ಪಿನ್ನಿಗೆ ಕಡ್ಡಿ ಮುಟ್ಟಿಸಿದರೂ ಏನಾದರೊಂದು ಅಳತೆ ಬರಬೇಕು. ಯಾವುದಾದರೂ ಜೋಡಿಯಲ್ಲಿ ಮೀಟರ್ ಕದಲದಿದ್ದರೆ ಅಲ್ಲಿ ತುಂಡಾಗಿದೆ.

ಜೊತೆಗೇ ಕಪ್ಲರಿನ ಒಳಗೂ ಇಣುಕಿ. ಒಂದು ಪಿನ್ನಿನ ಸುತ್ತ ಪ್ಲಾಸ್ಟಿಕ್ ಕಂದಾಗಿದ್ದರೆ, ಕರಗಿದ್ದರೆ ಆ ಪಿನ್ ಸಡಿಲವಾಗಿ ಕಾದಿದೆ. ಅದನ್ನು ಹಾಗೇ ಬಿಟ್ಟು ಹೊಸ ರೆಸಿಸ್ಟರ್ ಚುಚ್ಚಿದರೆ ಹೊಸದೂ ಹೆಚ್ಚು ದಿನ ಬಾಳದು. ಕಪ್ಲರನ್ನೂ ವೈರಿನ ತುಂಡಿನ ಸಮೇತ ಬದಲಿಸಬೇಕು.

ರೆಸಿಸ್ಟರ್ ತಾನಾಗಿ ಸಾಯುವುದಕ್ಕಿಂತ ಬೇರೆಯವರ ತಪ್ಪಿಗೆ ಸಾಯುವುದೇ ಹೆಚ್ಚು. ಸ್ವಲ್ಪ ಲೆಕ್ಕ ಹಾಕೋಣ. ಎಂಜಿನ್ ಓಡುವಾಗ ಸುಮಾರು 13.5 ವೋಲ್ಟ್ ಇರುತ್ತದೆ. ಒಂದನೇ ಸ್ಪೀಡಿನಲ್ಲಿ ಮೋಟಾರಿಗೆ 4–5 ವೋಲ್ಟ್ ಸಿಕ್ಕಿತು ಎನ್ನಿ, ಉಳಿದ ಸುಮಾರು 9 ವೋಲ್ಟ್ ಕಾಯಿಲ್‌ಗಳಲ್ಲೇ ಕರಗಬೇಕು. ಕರೆಂಟ್ 3–4 ಆಂಪಿಯರ್ ಹರಿದರೆ 30 ವ್ಯಾಟಿನ ಆಸುಪಾಸು ಶಾಖ. ಎಲೆಕ್ಟ್ರಾನಿಕ್ಸ್ ಕೆಲಸದವರು ಬೆಸುಗೆಗೆ ಬಳಸುವ ಸಣ್ಣ ಸೋಲ್ಡರಿಂಗ್ ಐರನ್ 25 ವ್ಯಾಟಿನದು. ಅಷ್ಟು ಶಾಖ ಪ್ಲಾಸ್ಟಿಕ್ ಡಬ್ಬದೊಳಗೆ ಹುಟ್ಟುತ್ತದೆ. ಆದ್ದರಿಂದಲೇ ರೆಸಿಸ್ಟರನ್ನು ಬ್ಲೋವರಿನ ಗಾಳಿಯ ದಾರಿಯಲ್ಲೇ ನಿಲ್ಲಿಸಿರುತ್ತಾರೆ. ಅದನ್ನು ಸುಡದಂತೆ ಕಾಯುವುದು ಆ ಗಾಳಿಯೇ.

ಗಾಳಿ ಕಡಿಮೆಯಾದರೆ? ಒಳಬರುವ ಗಾಳಿ ಸೋಸುವ ಕ್ಯಾಬಿನ್ ಫಿಲ್ಟರ್ ಧೂಳು ಹಿಡಿದು ಮುಚ್ಚಿಕೊಂಡರೆ ಕಾಯಿಲ್‌ಗಳ ಶಾಖ ಹೋಗಲು ದಾರಿ ಇಲ್ಲ, ಥರ್ಮಲ್ ಫ್ಯೂಸ್ ಹಾರಿಹೋಗುತ್ತದೆ. ಇನ್ನೊಂದು ಕಾರಣ ಮೋಟಾರ್. ಬೇರಿಂಗ್ ಬಿಗಿಯಾದರೆ ಅದು ಹೆಚ್ಚು ಕರೆಂಟ್ ಎಳೆಯುತ್ತದೆ. ಶಾಖ ಏರುವುದು ಕರೆಂಟಿನ ವರ್ಗದ ಲೆಕ್ಕದಲ್ಲಿ, ಅಂದರೆ ಕರೆಂಟ್ ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟು. ಹೊಂಗೆ, ಗುಲ್‌ಮೊಹರ್ ಮರಗಳ ಕೆಳಗೆ ಕಾರು ನಿಲ್ಲಿಸುವ ನಮ್ಮ ಊರುಗಳಲ್ಲಿ ಮೂರನೆಯ ಕಾರಣವೂ ಇದೆ: ಮುಂದಿನ ಗಾಜಿನ ಬುಡದ ಜಾಲರಿಯಿಂದ ಎಲೆ, ಹೂವು, ಕಡ್ಡಿ ಒಳಗೆ ಇಳಿಯುತ್ತವೆ. ಕ್ಯಾಬಿನ್ ಫಿಲ್ಟರೇ ಇಲ್ಲದ ಕಡಿಮೆ ಬೆಲೆಯ ಮಾದರಿಗಳಲ್ಲಿ ಅವು ನೇರವಾಗಿ ಬ್ಲೋವರ್ ಚಕ್ರಕ್ಕೆ ಬಂದು ಬೀಳುತ್ತವೆ. ಇಲಿ ಅಲ್ಲೇ ಗೂಡು ಕಟ್ಟುವುದೂ ಉಂಟು. ಹಾಗಾಗಿ ರೆಸಿಸ್ಟರ್ ತೆಗೆದಾಗಲೇ ಬ್ಲೋವರ್ ಚಕ್ರವನ್ನು ಬೆರಳಿನಿಂದ ತಿರುಗಿಸಿ ನೋಡಿ. ಹಗುರವಾಗಿ, ಸದ್ದಿಲ್ಲದೆ ತಿರುಗಬೇಕು. ಕಿರ್ ಎಂದರೆ, ಅಲ್ಲಲ್ಲಿ ಹಿಡಿದರೆ ಮೋಟಾರಿನ ಚಿಕಿತ್ಸೆ ಮೊದಲು.

ಥರ್ಮಲ್ ಫ್ಯೂಸ್ ಹೋಗಿದ್ದ ಜಾಗದಲ್ಲಿ ಒಂದು ತುಂಡು ವೈರು ಸೇರಿಸಿ ‘ಸರಿಹೋಯ್ತು’ ಎಂದು ಕಳಿಸುವ ಅಭ್ಯಾಸ ಕೆಲವೆಡೆ ಇದೆ. ದಯವಿಟ್ಟು ಒಪ್ಪಬೇಡಿ. ಮೋಟಾರ್ ಹಿಡಿದುಕೊಂಡ ದಿನ ಕಾಯಿಲ್ ಕೆಂಪಗೆ ಕಾಯುತ್ತದೆ, ತಡೆಯುವವರಿಲ್ಲ, ಸುತ್ತ ಒಣ ಎಲೆ ಮತ್ತು ಪ್ಲಾಸ್ಟಿಕ್. ಹೊಸ ಥರ್ಮಲ್ ಫ್ಯೂಸ್ ತಂದು ಬೆಸುಗೆ ಹಾಕಿಸುವುದೂ ಸುಲಭವಲ್ಲ, ಬೆಸುಗೆಯ ಬಿಸಿಗೇ ಅದು ಹಾರಿಬಿಡುತ್ತದೆ. ಸಣ್ಣ ಕಾರಿನ ರೆಸಿಸ್ಟರ್ ಬೆಲೆ ನೂರರ ಲೆಕ್ಕದಲ್ಲಿದೆ, ಸಾವಿರಗಳಲ್ಲಿ ಅಲ್ಲ, ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಪೇಟೆಯಲ್ಲಿ ಹುಡುಕಿದರೆ ಸಿಗುತ್ತದೆ. ಕಾರಿನ ಮಾದರಿ, ಇಸವಿ ಹೇಳಿ, ಹಳೆಯದನ್ನು ಪಕ್ಕದಲ್ಲಿಟ್ಟು ಪಿನ್ ಹೋಲಿಸಿ ತನ್ನಿ.

ಆಟೊಮ್ಯಾಟಿಕ್ ಕ್ಲೈಮೇಟ್ ಕಂಟ್ರೋಲ್ ಇರುವ ಕಾರುಗಳಿಗೆ ಈ ಲೆಕ್ಕ ಹೊಂದುವುದಿಲ್ಲ. ಅಲ್ಲಿ ಸಾಮಾನ್ಯವಾಗಿ ಕಾಯಿಲ್‌ಗಳ ಬದಲು ಟ್ರಾನ್ಸಿಸ್ಟರ್ ಮಾಡ್ಯೂಲ್ ಇರುತ್ತದೆ. ಅದು ಕೆಟ್ಟರೆ ಒಂದೆರಡು ಸ್ಪೀಡ್ ಮಾತ್ರ ಕಳೆಯುವುದು ಅಪರೂಪ. ಫ್ಯಾನ್ ಪೂರ್ತಿ ನಿಲ್ಲುತ್ತದೆ ಅಥವಾ ಒಂದೇ ವೇಗದಲ್ಲಿ ಓಡುತ್ತದೆ.

ನಾಲ್ಕರಲ್ಲಿ ಬರುತ್ತದಲ್ಲ, ಸಾಕು ಎಂದು ತಿಂಗಳುಗಟ್ಟಲೆ ಓಡಿಸುವವರಿಗೆ ಒಂದು ಮಾತು. ಮಲೆನಾಡು, ಕರಾವಳಿಯ ಮಳೆಯಲ್ಲಿ ಮುಂದಿನ ಗಾಜಿನ ಒಳಮಂಜು ಬಿಡಿಸುವುದು ಇದೇ ಬ್ಲೋವರ್. ಘಾಟಿ ಇಳಿಯುವಾಗ ಉಳಿದ ಆ ಒಂದು ಸ್ಪೀಡೂ ಕೈಕೊಟ್ಟರೆ ಗಾಜು ಕುರುಡಾಗುತ್ತದೆ. ಮಳೆಗಾಲಕ್ಕೆ ಮುಂಚೆ ಸರಿಪಡಿಸಿಕೊಳ್ಳಿ. ಗ್ಯಾರೇಜಿಗೆ ಹೋದಾಗ ‘ಎಸಿ ಸರಿ ಇಲ್ಲ’ ಎನ್ನಬೇಡಿ. ‘ಒಂದು, ಎರಡು, ಮೂರು ಇಲ್ಲ, ನಾಲ್ಕು ಇದೆ, ನಾಲ್ಕರಿಂದ ಎರಡಕ್ಕೆ ಇಳಿಸಿದರೆ ನಿಲ್ಲುತ್ತದೆ’ ಎಂದು ಹೇಳಿ. ತೆಗೆದ ಹಳೆಯ ರೆಸಿಸ್ಟರನ್ನು ಕೇಳಿ ಇಸಿದುಕೊಳ್ಳಿ, ಕ್ಯಾಬಿನ್ ಫಿಲ್ಟರನ್ನು ಅವತ್ತೇ ಬದಲಿಸಿ.